ಡಬ್ಬಿಯಲ್ಲಿ ಹತ್ತು ಲಕ್ಷ ಇದೆ ಅಂದರು

"ಪುಟ್ಟಿ, ಡಬ್ಬಿ ಜೋಪಾನ. ಅದರಲ್ಲಿ ಕಡಿಮೆ ಅಂದ್ರೂ ಹತ್ತು ಲಕ್ಷ ಇದೆ. ಮಾರೋ ಮುಂಚೆ ನನ್ನನ್ನ ಕೇಳು."

ಚಿಕ್ಕಪ್ಪನ ಈ ಮೆಸೇಜ್ ಬಂದಾಗ ನಾನು ಯಶವಂತಪುರದಲ್ಲಿ ರೈಲಿಳಿದು ಮೆಟ್ರೋ ಹತ್ತಿದ್ದೆ. ತೊಡೆ ಮೇಲೆ ಬ್ಯಾಗ್. ಬ್ಯಾಗಿನೊಳಗೆ ಬಟ್ಟೆಯಲ್ಲಿ ಸುತ್ತಿದ ಹಳೇ ಬಿಸ್ಕೆಟ್ ಡಬ್ಬಿ. ಎರಡೂವರೆ ಕೆಜಿ ತೂಕ. ಅದುವರೆಗೂ ಅದು ನನಗೆ ಬರೀ ಭಾರ ಆಗಿತ್ತು. ಮೆಸೇಜ್ ಓದಿದ ಮೇಲೆ ಪಕ್ಕದಲ್ಲಿ ಕೂತವರನ್ನೆಲ್ಲ ಒಂದು ಸಲ ಅನುಮಾನದಿಂದ ನೋಡಿದೆ.

ಡಬ್ಬಿ ನಮ್ಮ ತಾತನದು. ತಿಪಟೂರಿನಲ್ಲಿ ಅವರದೊಂದು ದಿನಸಿ ಅಂಗಡಿ ಇತ್ತು, 1953ರಲ್ಲಿ ಶುರು ಮಾಡಿದ್ದು. ಕೊಬ್ಬರಿ ಮಾರೋಕೆ ಬಂದ ಹಳ್ಳಿಯವರು ವಾಪಸ್ ಹೋಗುವಾಗ ಬೇಳೆ, ಬೆಲ್ಲ, ಸೀಮೆಎಣ್ಣೆ ಒಯ್ಯುತ್ತಿದ್ದರು. ಕೈಯಲ್ಲಿ ಕಾಸಿಲ್ಲದವರು ಮನೆಯಲ್ಲಿ ಬಚ್ಚಿಟ್ಟಿದ್ದ ಬೆಳ್ಳಿ ರೂಪಾಯಿ ತಂದು ಬಾಕಿ ತೀರಿಸುತ್ತಿದ್ದರಂತೆ. ಗಲ್ಲಾಪೆಟ್ಟಿಗೆಗೆ ಬಿದ್ದ ನಾಣ್ಯಗಳಲ್ಲಿ ಕಣ್ಣಿಗೆ ಬೇರೆ ಥರ ಕಂಡದ್ದನ್ನೆಲ್ಲ ತಾತ ಪಕ್ಕಕ್ಕೆ ಎತ್ತಿಡುತ್ತಿದ್ದರು. ಹಾಗೆ ತುಂಬಿದ್ದು ಈ ಡಬ್ಬಿ.

ತಾತ ಹೋಗಿ ಎರಡು ವರ್ಷ. ಮನೆ ಅಪ್ಪ ಮತ್ತು ಚಿಕ್ಕಪ್ಪನ ಹೆಸರಿಗಾಯಿತು. ಅತ್ತೆ ತಕರಾರು ಮಾಡದೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದರು. "ನನಗೆ ಬರಬೇಕಾದ್ದು ಮದುವೇಲೇ ಬಂದಾಯ್ತಲ್ಲ" ಅಂದರು. ಉಳಿದದ್ದು ಡಬ್ಬಿ ಮಾತ್ರ. "ನೀನು ಬೆಂಗಳೂರಲ್ಲಿದ್ದೀಯ, ಇಂಟರ್ನೆಟ್ ಗೊತ್ತು, ಇದೇನು ಎತ್ತ ಅಂತ ನೋಡು" ಅಂತ ಅಪ್ಪ ನನ್ನ ಕೈಗೆ ಕೊಟ್ಟರು. ಹೊರಡುವಾಗ ಅತ್ತೆ ಬಾಗಿಲ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಇದರಲ್ಲಾದ್ರೂ ನನಗೊಂದು ಪಾಲು ಇರುತ್ತೇನೇ?"

ನಾನು ಹೂಂ ಅಂದೆ. ಆ ಹೂಂ ಎಷ್ಟು ದೊಡ್ಡದು ಅಂತ ಆಗ ಗೊತ್ತಿರಲಿಲ್ಲ.

ಮೊದಲ ದಿನವೇ ತಪ್ಪು

ಭಾನುವಾರ ಬೆಳಿಗ್ಗೆ ಹಾಲ್‌ನಲ್ಲಿ ಹಳೇ ಬೆಡ್‌ಶೀಟ್ ಹಾಸಿ ಡಬ್ಬಿ ಸುರಿದೆ. ಧೂಳು, ಕಿಲುಬು, ಒಂದು ತುಂಡು ದಾರ, ಎರಡು ಏಲಕ್ಕಿ. ಕಪ್ಪಗಿದ್ದ ಒಂದು ದೊಡ್ಡ ನಾಣ್ಯ ಕೈಗೆ ಬಂತು. ಬೆರಳಲ್ಲಿ ಉಜ್ಜಿದರೆ 1911 ಅಂತ ಕಾಣಿಸಿತು. ನನಗೆ ಎಲ್ಲಿಲ್ಲದ ಉತ್ಸಾಹ. ಬಾತ್‌ರೂಮಿಗೆ ಹೋಗಿ ಹಳೇ ಬ್ರಷ್‌ಗೆ ಟೂತ್‌ಪೇಸ್ಟ್ ಹಚ್ಚಿ ಚೆನ್ನಾಗಿ ತಿಕ್ಕಿದೆ. ಐದು ನಿಮಿಷದಲ್ಲಿ ಜಾರ್ಜ್ ದೊರೆ ಹೊಸ ಸ್ಟೀಲ್ ಲೋಟದ ಹಾಗೆ ಹೊಳೆಯತೊಡಗಿದ. ಫೋಟೊ ತೆಗೆದು ಫ್ಯಾಮಿಲಿ ಗ್ರೂಪ್‌ಗೂ ಹಾಕಿದೆ. ಹನ್ನೆರಡು ಲೈಕ್.

ಇದನ್ನು ಓದುತ್ತಿರುವವರಲ್ಲಿ ಯಾರ ಮನೆಯಲ್ಲಾದರೂ ಇಂಥ ಡಬ್ಬಿ ಇದ್ದರೆ, ಈ ಅಂಕಣದಿಂದ ಒಂದೇ ಮಾತು ನೆನಪಿಟ್ಟುಕೊಳ್ಳಿ: ತೊಳೆಯಬೇಡಿ. ಹುಣಸೆಹಣ್ಣು, ನಿಂಬೆಹಣ್ಣು, ವಿಭೂತಿ, ಪೇಸ್ಟ್, ಪಾತ್ರೆ ಪುಡಿ ಏನೂ ಬೇಡ. ನೂರು ವರ್ಷದಲ್ಲಿ ಬೆಳ್ಳಿಯ ಮೇಲೆ ಕೂತ ಕಪ್ಪು ಕೊಳೆಯಲ್ಲ. ಆ ನಾಣ್ಯವನ್ನು ಯಾರೂ ಮುಟ್ಟಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ತಿಕ್ಕಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಸಾವಿರಾರು ಬೀಳುತ್ತವೆ. ಸಂಗ್ರಹಕಾರರ ಭೂತಗನ್ನಡಿಗೆ ಅವು ಕಾಣುತ್ತವೆ.

ಆಮೇಲೆ ಕಲಿತ ಪಾಠಗಳು ಇನ್ನೂ ಎರಡು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ಮುಖಕ್ಕೆ ಬೆರಳು ತಾಗಬಾರದು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರ್‌ನಲ್ಲಿ ಇಡಬಾರದು, ವರ್ಷಗಳಾದ ಮೇಲೆ ಅದು ಹಸಿರು ಅಂಟು ಬಿಡುತ್ತದೆ. ಸಣ್ಣ ಕಾಗದದ ಕವರ್ ಸಾಕು.

614 ನಾಣ್ಯ, ಏಳು ರಾಶಿ

ಸಂಜೆ ಹೊತ್ತಿಗೆ ಎಣಿಸಿ ಮುಗಿಸಿದೆ. ಒಟ್ಟು 614. ಎಕ್ಸೆಲ್ ಶೀಟ್ ಮಾಡಿ ಅಪ್ಪ, ಅತ್ತೆ, ಚಿಕ್ಕಪ್ಪ ಮೂವರಿಗೂ ಲಿಂಕ್ ಕಳಿಸಿದೆ. ಇದು ನಾನು ಮಾಡಿದ ಒಂದೇ ಜಾಣತನ. ಡಬ್ಬಿಯಲ್ಲಿ ಏನಿದೆ ಅಂತ ಎಲ್ಲರಿಗೂ ಒಂದೇ ದಿನ, ಒಂದೇ ಲೆಕ್ಕದಲ್ಲಿ ಗೊತ್ತಾಯಿತು.

ಅತಿ ದೊಡ್ಡ ರಾಶಿ ಸ್ವಾತಂತ್ರ್ಯ ಬಂದ ಮೇಲಿನದು, 402. ಕುದುರೆ ಇರುವ ಒಂದು ಪೈಸೆ, ಗೂಳಿ ಇರುವ ಒಂದಾಣೆ, ಷಟ್ಕೋನದ ಮೂರು ಪೈಸೆ, ಚೌಕದ ಒಂದು ಪೈಸೆ, ಕಮಲದ ಹಿತ್ತಾಳೆ ಇಪ್ಪತ್ತು ಪೈಸೆ. 1957ರ ಏಪ್ರಿಲ್ 1ರಂದು ಆಣೆ ಹೋಗಿ ನಯಾಪೈಸೆ ಬಂದಾಗ ತಾತನ ಅಂಗಡಿಯಲ್ಲಿ ದಿನಾ ಜಗಳವಂತೆ. ಅದುವರೆಗೆ ರೂಪಾಯಿಗೆ 16 ಆಣೆ, 64 ಕಾಸು. ಈಗ ರೂಪಾಯಿಗೆ 100 ಪೈಸೆ. ಹಾಗಾಗಿ ಒಂದಾಣೆ ಅಂದರೆ ಆರೂಕಾಲು ನಯಾಪೈಸೆ. ಆ ಕಾಲು ಪೈಸೆ ಯಾರದು? ತಾತ ಗೋಡೆ ಮೇಲೆ ಸುಣ್ಣದಲ್ಲಿ ಬರೆದಿದ್ದರಂತೆ: ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25.

ಎರಡನೇ ರಾಶಿ ಬ್ರಿಟಿಷರ ಕಾಲದ ತಾಮ್ರ, ಕಂಚು, ನಿಕ್ಕಲ್ ಚಿಲ್ಲರೆ, 131. ಅದರಲ್ಲಿ ಎರಡನೇ ಮಹಾಯುದ್ಧದ ಕಾಲದ ತೂತು ಕಾಸೇ ಹೆಚ್ಚು. ಲೋಹ ಉಳಿಸಲು 1943ರಿಂದ ನಡುವೆ ತೂತು ಕೊರೆದು ಬಿಟ್ಟ ಕಾಸು ಅದು. ಮೂರನೆಯದು ಬೆಳ್ಳಿ ರೂಪಾಯಿ, 38. ನಾಲ್ಕನೆಯದು ಬೆಳ್ಳಿಯ ಎಂಟಾಣೆ, ಪಾವಲಿಗಳು, 14. ಐದನೆಯದು ಮೈಸೂರಿನ ತಾಮ್ರದ ಕಾಸು, 9. ಆರನೆಯದು ಸಿಲೋನ್ ಮತ್ತಿತರ ಪರದೇಶದ್ದು, 12.

ಏಳನೆಯ ರಾಶಿ 8. ರಾಮ, ಸೀತೆ, ಲಕ್ಷ್ಮಣ, ಹನುಮಂತ ಇರುವ ಬಿಲ್ಲೆಗಳು, ಹಿಂದೆ 'ಈಸ್ಟ್ ಇಂಡಿಯಾ ಕಂಪನಿ 1818' ಅಂತ ಮುದ್ರೆ. ಫೋನಿನಲ್ಲಿ ಹುಡುಕಿದರೆ ಇದಕ್ಕೆ ಕೋಟಿ ಅನ್ನುವವರೂ ಇದ್ದಾರೆ. ಕಂಪನಿ ಇಂಥ ನಾಣ್ಯ ಹೊರಡಿಸಿಯೇ ಇಲ್ಲ. ಇವು ಆಮೇಲೆ ಯಾರೋ ಅಚ್ಚು ಹಾಕಿ ಮಾರಿದ ಪೂಜೆ ಬಿಲ್ಲೆಗಳು. 'ಅಕ್ಕಿ ಎಳೆಯುವ ನಾಣ್ಯ' ಅಂತ ನಡೆಯುವ ಮೋಸಕ್ಕೂ ಇಂಥವನ್ನೇ ಬಳಸುತ್ತಾರೆ. ಅಜ್ಜಿ ಇವನ್ನು ದೇವರ ಮನೆಯಲ್ಲಿ ಇಟ್ಟಿದ್ದರು. ಅವುಗಳ ಜಾಗ ಅದೇ.

ಹಳೆಯದೆಲ್ಲ ಬೆಲೆಯದಲ್ಲ

ನಾನು ಅಂದುಕೊಂಡಿದ್ದು, ನಾಣ್ಯ ಎಷ್ಟು ಹಳೆಯದೋ ಅಷ್ಟು ಬೆಲೆ. ಅದು ಸುಳ್ಳು. ಕೋಟಿಗಟ್ಟಲೆ ಅಚ್ಚಾದ ನಾಣ್ಯಕ್ಕೆ ನೂರು ವರ್ಷವಾದರೂ ಬೆಲೆ ಬರುವುದಿಲ್ಲ. ಬೆಲೆ ಕಟ್ಟುವಾಗ ನೋಡುವುದು ಮುಖ್ಯವಾಗಿ ಮೂರು: ಯಾವ ಲೋಹ, ಎಷ್ಟು ಉಳಿದಿವೆ, ಎಷ್ಟು ಸವೆದಿದೆ.

ಲೋಹದಿಂದ ಶುರು ಮಾಡೋಣ, ಯಾಕೆಂದರೆ ಅದು ಬರೀ ಲೆಕ್ಕ. ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 91.7. ಅಂದರೆ ಅಪ್ಪಟ ಬೆಳ್ಳಿ ಸುಮಾರು 10.69 ಗ್ರಾಂ. ನಾವು ಮಾರಿದ ವಾರ ಬೆಳ್ಳಿ ಗ್ರಾಂಗೆ ಹತ್ತಿರ ಹತ್ತಿರ 100 ರೂಪಾಯಿ ಇತ್ತು. ಹಾಗಾಗಿ ಒಂದು ರೂಪಾಯಿ ನಾಣ್ಯದ ಬೆಳ್ಳಿಗೇ ಸುಮಾರು 1,069 ರೂಪಾಯಿ. ನೀವು ಓದುವ ಹೊತ್ತಿಗೆ ದರ ಬೇರೆ ಇರುತ್ತದೆ, ಆದರೆ ಗುಣಾಕಾರ ಇದೇ. ಇದು ತಳದ ಬೆಲೆ. ಇದಕ್ಕಿಂತ ತೀರಾ ಕೆಳಗೆ ಯಾರು ಕೇಳಿದರೂ ಎದ್ದು ಬನ್ನಿ.

ಒಂದು ಎಚ್ಚರ. ಯುದ್ಧದ ಕಾಲದಲ್ಲಿ, 1940ರಿಂದ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ತೂಕ ಅದೇ, ಬೆಳ್ಳಿ 5.83 ಗ್ರಾಂ ಮಾತ್ರ. 1946–47ರ ಹೊತ್ತಿಗೆ ಪೂರ್ತಿ ನಿಕ್ಕಲ್. 1947ರ ರೂಪಾಯಿಯ ಹಿಂದೆ ಹುಲಿ ಇದೆ, ನೋಡಲು ಚೆಂದ, ಆದರೆ ಬೆಳ್ಳಿಯಲ್ಲ. ನಮ್ಮ 38ರಲ್ಲಿ ವಿಕ್ಟೋರಿಯಾ 9, ಏಳನೇ ಎಡ್ವರ್ಡ್ 6, ಐದನೇ ಜಾರ್ಜ್ 14, ಕೊನೆಯ 9 ಆರನೇ ಜಾರ್ಜ್‌ನವು. ಆ ಒಂಬತ್ತೂ ಅರ್ಧ ಬೆಳ್ಳಿಯವು.

ಅಪರೂಪ ಅನ್ನುವುದು ಇಸವಿಯಲ್ಲಿ, ಟಂಕಸಾಲೆಯಲ್ಲಿ ಅಡಗಿರುತ್ತದೆ. ನಿಮ್ಮ ಪರ್ಸಿನಲ್ಲಿರುವ ನಾಣ್ಯ ತೆಗೆದು ಇಸವಿಯ ಕೆಳಗೆ ನೋಡಿ. ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಾದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ಇಸವಿಯ ನಾಣ್ಯ ಒಂದು ಕಡೆ ಹೇರಳ, ಇನ್ನೊಂದು ಕಡೆ ಕಡಿಮೆ ಅಚ್ಚಾಗಿರಬಹುದು. 1939ರ ಬೆಳ್ಳಿ ರೂಪಾಯಿ ಹೀಗೆ ಅಪರೂಪದ್ದು. ಅದಕ್ಕೇ ಅದರ ನಕಲಿಗಳೂ ಓಡಾಡುತ್ತವೆ. ಆನ್‌ಲೈನ್‌ನಲ್ಲಿ ಸಿಗುವ ಸಣ್ಣ ಡಿಜಿಟಲ್ ತಕ್ಕಡಿ ಒಂದಿದ್ದರೆ ಒರಟು ನಕಲಿಗಳು ಮನೆಯಲ್ಲೇ ಸಿಕ್ಕಿಬೀಳುತ್ತವೆ. ಸವೆದ ರೂಪಾಯಿ 11.4 ತೂಗಬಹುದು. 10 ತೂಗಿದರೆ ಅನುಮಾನ ಪಡಿ. ಅಯಸ್ಕಾಂತಕ್ಕೆ ಅಂಟಿಕೊಂಡರಂತೂ ಬೆಳ್ಳಿಯ ಮಾತೇ ಇಲ್ಲ.

ಮೈಸೂರಿನ ಒಂಬತ್ತು ಕಾಸು ನನಗೆ ಎಲ್ಲಕ್ಕಿಂತ ಇಷ್ಟವಾದವು. ಎರಡರ ಮೇಲೆ ಆನೆ, ಹಿಂದೆ ಪರ್ಷಿಯನ್ ಬರಹ: ಟಿಪ್ಪುವಿನ ಪೈಸೆ. ಬರಹದಲ್ಲಿ ಟಂಕಸಾಲೆಯ ಊರು ಇರುತ್ತದೆ, ಪಟ್ಟಣ ಅಂದರೆ ಶ್ರೀರಂಗಪಟ್ಟಣ, ನಗರ ಅಂದರೆ ಬಿದನೂರು. ಟಿಪ್ಪು ತಂದ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, 4221 ಅಂತ ಕಂಡರೆ ಅದು 1224. ಉಳಿದ ಏಳು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದವು. ಅದರಲ್ಲೊಂದರ ಮೇಲೆ ಕನ್ನಡದಲ್ಲಿ 'ಮಯಿಲಿ ಕಾಸು' ಅಂತ ಇನ್ನೂ ಓದಲು ಬರುತ್ತದೆ. ನಾಣ್ಯದ ಮೇಲೆ ಕನ್ನಡ ನೋಡಿ ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಮಾರಿದರೆ? ಇಷ್ಟು ಸವೆದದ್ದಕ್ಕೆ ತಲಾ ಇನ್ನೂರರಿಂದ ನಾನೂರು.

"ಪಾಲಿಶ್ ಮಾಡಿದ್ದೀರಾ?"

ಬೆಂಗಳೂರಿನಲ್ಲಿ ಆಗಾಗ ನಾಣ್ಯ, ನೋಟುಗಳ ಪ್ರದರ್ಶನ ನಡೆಯುತ್ತದೆ. ಅಲ್ಲಿ ಮಾರುವವರೂ ಇರುತ್ತಾರೆ, ಸುಮ್ಮನೆ ಕೂತು ಮಾತಾಡುವ ಹಿರಿಯ ಸಂಗ್ರಹಕಾರರೂ ಇರುತ್ತಾರೆ. ಎರಡನೆಯವರನ್ನು ಹುಡುಕಿಕೊಳ್ಳಿ. ಹಾಗೊಬ್ಬರು ನನ್ನ ಶೀಟ್ ನೋಡಿದರು, ಕವರ್‌ಗಳನ್ನು ಒಂದೊಂದಾಗಿ ಬಿಚ್ಚಿದರು. ದೊರೆಯ ಕಿರೀಟದ ಮಣಿ, ಹುಬ್ಬು, ಕೋಟಿನ ಕಸೂತಿ, ಮೊದಲು ಸವೆಯುವ ಜಾಗಗಳು ಇವು ಅಂತ ತೋರಿಸಿದರು. ಹುಬ್ಬು ಕಂಡರೆ ಒಂದು ಬೆಲೆ, ಹುಬ್ಬು ಮಾಸಿದರೆ ಬೆಳ್ಳಿಯ ಬೆಲೆ.

1911ರದ್ದು ಕೈಗೆ ಬಂದಾಗ ನಿಟ್ಟುಸಿರು ಬಿಟ್ಟರು. "ಪಾಲಿಶ್ ಮಾಡಿದ್ದೀರಾ?"

"ಟೂತ್‌ಪೇಸ್ಟ್" ಅಂದೆ. ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅವರು ಬೈಯಲಿಲ್ಲ. ಕತೆ ಹೇಳಿದರು. ಆ ವರ್ಷದ ರೂಪಾಯಿಯಲ್ಲಿ ಐದನೇ ಜಾರ್ಜ್‌ನ ಎದೆಯ ಪದಕದ ಸರದಲ್ಲಿ ಒಂದು ಪುಟ್ಟ ಆನೆ ಇದೆ. ಕೆತ್ತಿದವನು ಸೊಂಡಿಲು ಗಿಡ್ಡ ಮಾಡಿದ್ದರಿಂದ ಜನರಿಗೆ ಅದು ಹಂದಿಯ ಹಾಗೆ ಕಂಡಿತು. ಮುಸ್ಲಿಮರು ಆಕ್ಷೇಪಿಸಿದರು, ಸರ್ಕಾರ ಆ ನಾಣ್ಯಗಳನ್ನು ಹಿಂತೆಗೆದುಕೊಂಡು ಬಹುಪಾಲು ಕರಗಿಸಿತು. ಮರುವರ್ಷ ಸೊಂಡಿಲು ಸರಿಯಾಯಿತು. ಕರಗದೆ ಉಳಿದದ್ದಕ್ಕೇ ಇವತ್ತು ಬೇಡಿಕೆ. "ಮುಟ್ಟದೆ ತಂದಿದ್ದರೆ ನಾಲ್ಕು ಸಾವಿರ ಹತ್ತಿರ ಬರೋದು. ಈಗ ಎರಡೂವರೆ." ಐದು ನಿಮಿಷದ ಹಲ್ಲುಜ್ಜಾಟಕ್ಕೆ ಒಂದೂವರೆ ಸಾವಿರ. ನನ್ನ ಡೆಂಟಿಸ್ಟ್ ಕೂಡ ಅಷ್ಟು ತಗೊಳಲ್ಲ.

ಕೊನೆಗೆ ಅವರು ಹನ್ನೊಂದು ರೂಪಾಯಿಗಳನ್ನು ಬೇರೆ ಇಟ್ಟರು. ಎಲ್ಲವೂ ಎಡ್ವರ್ಡ್ ಮತ್ತು ಜಾರ್ಜ್ ಕಾಲದವು, ಎಲ್ಲದರ ತಲೆಯ ಮೇಲೆ ಬೆಸೆದ ಸಣ್ಣ ಕೊಂಡಿ. "ಇವು ಸರದಿಂದ ಬಿಚ್ಚಿದ್ದು. ಬೆಸುಗೆ ಬಿದ್ದ ನಾಣ್ಯ ಸಂಗ್ರಹಕಾರರು ಮುಟ್ಟಲ್ಲ. ಕರಗಿಸೋ ಬೆಲೆ ಅಷ್ಟೇ."

ಚಿಕ್ಕಪ್ಪನ ಹತ್ತು ಲಕ್ಷ

ಇಡೀ ಡಬ್ಬಿಗೆ ಅವರು ಹೇಳಿದ ಅಂದಾಜು ಅರ್ಧ ಲಕ್ಷದ ಆಸುಪಾಸು. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ದೊಡ್ಡ ಮೌನ. ಆಮೇಲೆ, "ಹಾಗಾದ್ರೆ ತೆರಿಗೆ ಕಟ್ಟಿದ್ದು ವಾಪಸ್ ಬರುತ್ತಾ?"

ಯಾವ ತೆರಿಗೆ ಅಂತ ಕೇಳಿದ ಮೇಲೆ ಒಂದೊಂದೇ ಹೊರಬಂತು. ಟ್ರ್ಯಾಕ್ಟರ್ ಚಿತ್ರದ ಹಳೇ ಐದು ರೂಪಾಯಿ ನೋಟಿಗೆ ಲಕ್ಷ ಲಕ್ಷ ಅನ್ನುವ ವಿಡಿಯೊ ನೋಡಿದ್ದಾರೆ. ತಮ್ಮ ಹತ್ತಿರ ಇದ್ದ ನೋಟಿನ ಫೋಟೊ ಕಳಿಸಿದ್ದಾರೆ. ಅತ್ತ ಕಡೆಯವನು ಎಂಟು ಲಕ್ಷ ಕೊಡ್ತೀನಿ ಅಂದಿದ್ದಾನೆ. ಮೊದಲು ನೋಂದಣಿ ಶುಲ್ಕ 1,150. ಆಮೇಲೆ ಜಿಎಸ್‌ಟಿ 6,500. ಆಮೇಲೆ ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಒಂದು 'ಪತ್ರ', ಅದಕ್ಕೆ 12,000. ಒಟ್ಟು 19,650. ಆಮೇಲೆ ನಂಬರ್ ಸ್ವಿಚ್ ಆಫ್. ಒಂದು ನೋಟಿಗೆ ಎಂಟು ಲಕ್ಷ ಆದರೆ ಡಬ್ಬಿಗೆ ಹತ್ತು ಲಕ್ಷ ಕಡಿಮೆಯೇ ಅಂತ ಅವರ ಲೆಕ್ಕ.

ಚಿಕ್ಕಪ್ಪ ಓದಿದವರು. ರಿಟೈರಾದವರು, ಯಾರ ಮುಂದೆಯೂ ಕೈಚಾಚದವರು. ಅವರಿಗೆ ದುಡ್ಡಿಗಿಂತ ಮಾನ ಹೋಗಿದ್ದು ದೊಡ್ಡದಾಗಿತ್ತು. "ಅಣ್ಣಂಗೆ ಹೇಳಬೇಡ" ಅಂದರು. ಈಗ ಅವರೇ ಅನುಮತಿ ಕೊಟ್ಟಿದ್ದಾರೆ, ಇನ್ನೊಬ್ಬರು ಬೀಳದಿರಲಿ ಅಂತ.

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿ ಸ್ಪಷ್ಟ ಹೇಳಿದೆ: ಹಳೇ ನೋಟು, ನಾಣ್ಯಗಳ ಕೊಡುಕೊಳ್ಳುವಿಕೆಯಲ್ಲಿ ತಾನು ಇಲ್ಲ, ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ನೆನಪಿಡಲು ಇನ್ನೂ ಸುಲಭದ ಸೂತ್ರ ಇದೆ. ಕೊಳ್ಳುವವನು ದುಡ್ಡು ಕೊಡಬೇಕು. ಮಾರುವವನಿಂದ ಮುಂಗಡ ಕೇಳುವವನು ಕೊಳ್ಳುವವನಲ್ಲ. ನಿಮ್ಮ ಮನೆಯ ಹಿರಿಯರ ಫೋನಿಗೆ ಇಂಥ ವಿಡಿಯೊಗಳು ಖಂಡಿತ ಬರುತ್ತಿರುತ್ತವೆ, ಈ ವಾರ ಒಮ್ಮೆ ಕೂತು ಮಾತಾಡಿ. ಮೋಸ ಆಗಿಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಚಿಕ್ಕಪ್ಪ ಮಾಡಿದ್ದು ಎರಡು ತಿಂಗಳ ನಂತರ. ದೂರು ದಾಖಲಾಗಿದೆ, ದುಡ್ಡು ಬಂದಿಲ್ಲ.

ಹನ್ನೊಂದು ಕೊಂಡಿ

ದೀಪಾವಳಿಗೆ ಊರಿಗೆ ಹೋದಾಗ ಕವರ್‌ಗಳನ್ನೆಲ್ಲ ಜಗಲಿ ಮೇಲೆ ಹರಡಿದೆ. ಮಾರೋದು, ಇಟ್ಟುಕೊಳ್ಳೋದು ಎಲ್ಲರೂ ಸೇರಿ ತೀರ್ಮಾನಿಸಲಿ ಅಂತ. "ಈ ಹನ್ನೊಂದು ಕರಗಿಸೋಕೆ, ಇದಕ್ಕೆ ಬೆಲೆ ಇಲ್ಲ" ಅಂತ ನಾನು ಸಲೀಸಾಗಿ ಹೇಳಿಬಿಟ್ಟೆ.

ಅತ್ತೆ ಒಂದನ್ನು ಎತ್ತಿಕೊಂಡರು. ಕೊಂಡಿ ನೋಡಿದರು. ಇನ್ನೊಂದನ್ನು ಎತ್ತಿಕೊಂಡರು.

"ಇದು ಅಮ್ಮನ ಸರ."

ಅಜ್ಜಿಗೆ ಬೆಳ್ಳಿ ರೂಪಾಯಿ ಸರ ಇತ್ತು, ಅತ್ತೆಯ ಮದುವೆಗೆ ಅದನ್ನು ಕರಗಿಸಬೇಕಾಯಿತು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. 1979ರ ಮದುವೆ. ಜಗಳವಾದಾಗ, ಹಬ್ಬಕ್ಕೆ ಸೀರೆ ಕೊಡುವಾಗ, ಆಸ್ತಿಯ ಮಾತು ಬಂದಾಗ, ಎಷ್ಟೋ ಸಲ ನಾನೇ ಕೇಳಿದ್ದೆ: "ನಿನ್ನ ಮದುವೆಗೆ ಅಮ್ಮನ ಕೊರಳಿನದೇ ಹೋಯ್ತು." ಸಹಿ ಹಾಕುವ ದಿನ 'ಮದುವೇಲೇ ಬಂದಾಯ್ತಲ್ಲ' ಅಂತ ಅತ್ತೆ ಅಂದದ್ದು ಇದನ್ನೇ.

"ಅಮ್ಮ ತಲೆ ಬಾಚುವಾಗ ನಾನು ಎಣಿಸ್ತಿದ್ದೆ. ಹದಿನೈದು ಇತ್ತು" ಅಂದರು ಅತ್ತೆ.

ಹನ್ನೊಂದು ಉಳಿದಿದೆ. ಹೋಗಿದ್ದು ನಾಲ್ಕು.

ಅಪ್ಪ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, ಗಿರವಿ ಇಟ್ಟಿದ್ದರೇನೋ, ನಾಲ್ಕು ಮಾರಿ ಉಳಿದದ್ದು ಬಿಡಿಸಿಕೊಂಡಿರಬೇಕು ಅಂದರು. ಇರಬಹುದು. ತಾತ ಹೇಳಲು ಮರೆತರೋ, ಹೇಳುವುದು ಬೇಡ ಅಂದುಕೊಂಡರೋ, ಕೇಳಲು ಈಗ ಅವರಿಲ್ಲ. ಅಂಗಡಿಯ ಕಾಲು ಪೈಸೆಗೂ ಗೋಡೆ ಮೇಲೆ ಲೆಕ್ಕ ಬರೆದ ಮನುಷ್ಯ ಮಗಳ ಲೆಕ್ಕದಲ್ಲಿ ಹನ್ನೊಂದು ರೂಪಾಯಿ ಬರೆಯದೆ ಹೋದರು. ಆ ತಪ್ಪು ಲೆಕ್ಕವನ್ನು ನಂಬಿ ಅತ್ತೆ ಒಂದು ಮನೆಯ ಪಾಲು ಬಿಟ್ಟುಕೊಟ್ಟಿದ್ದರು.

ಅತ್ತೆ ಅಳಲಿಲ್ಲ, ಯಾರನ್ನೂ ಆಡಲಿಲ್ಲ. ಹನ್ನೊಂದನ್ನೂ ಸೆರಗಿನಲ್ಲಿ ಹಾಕಿಕೊಂಡು "ಇದನ್ನ ಕರಗಿಸಬೇಡಿ" ಅಂದರು. ಅಷ್ಟೇ.

ಮಾರಿದ್ದು ಹೀಗೆ

ಹಳೇ ನಾಣ್ಯ ಮಾರಲು ಬಾಗಿಲು ಮೂರು. ಬೆಳ್ಳಿ ಅಂಗಡಿ: ಕೂಡಲೇ ದುಡ್ಡು, ಆದರೆ ಅಪರೂಪದ್ದೂ ಮಾಮೂಲಿಯೂ ಒಂದೇ ತಕ್ಕಡಿಯಲ್ಲಿ. ನಾಣ್ಯ ವ್ಯಾಪಾರಿ: ಅಪರೂಪಕ್ಕೆ ಬೆಲೆ ಕೊಡುತ್ತಾರೆ, ಅವರ ಲಾಭ ಬಿಟ್ಟುಕೊಂಡು. ಹರಾಜು ಸಂಸ್ಥೆ: ಒಳ್ಳೆಯ ನಾಣ್ಯಕ್ಕೆ ಒಳ್ಳೆಯ ಬೆಲೆ ಬರಬಹುದು, ಆದರೆ ಕಮಿಷನ್ ಇದೆ, ತಿಂಗಳುಗಟ್ಟಲೆ ಕಾಯಬೇಕು, ಮಾಮೂಲಿ ನಾಣ್ಯ ಅವರು ತೆಗೆದುಕೊಳ್ಳುವುದಿಲ್ಲ. ನಮ್ಮದು ಹರಾಜಿನ ಮಟ್ಟದ್ದಲ್ಲ.

ನಾನು ಮೂರು ವ್ಯಾಪಾರಿಗಳ ಹತ್ತಿರ ಹೋದೆ. ಮೊದಲಿನವರು ಇರುವುದರಲ್ಲಿ ಚೆನ್ನಾಗಿದ್ದ ಆರನ್ನು ಆರಿಸಿ, "ಉಳಿದದ್ದು ಬೇಡ" ಅಂದರು. ಇದಕ್ಕೆ ಒಪ್ಪಬಾರದು. ಆ ಆರರ ಆಸೆಯಲ್ಲೇ ಉಳಿದದ್ದನ್ನೂ ಕೊಳ್ಳುವವರು ಬರುವುದು. ಮೂರನೆಯವರು ಪೂರ್ತಿ ಪಟ್ಟಿ ನೋಡಿ, ಪ್ರತಿ ಗುಂಪಿಗೂ ಬೇರೆ ಬೇರೆ ಬೆಲೆ ಬರೆದುಕೊಟ್ಟರು. ಅವರಿಗೇ ಕೊಟ್ಟೆವು, ಬಿಲ್ ಪಡೆದು, ದುಡ್ಡು ಬ್ಯಾಂಕಿಗೆ ಹಾಕಿಸಿಕೊಂಡು.

ನಡುವೆ ಆನ್‌ಲೈನ್ ಗುಂಪಿನಲ್ಲಿ ಒಬ್ಬರು ಟಿಪ್ಪು ಪೈಸೆ ಎರಡನ್ನೂ ಹೊರದೇಶಕ್ಕೆ ಪಾರ್ಸೆಲ್ ಮಾಡಿ ಅಂತ ಹೆಚ್ಚಿನ ಬೆಲೆ ಹೇಳಿದ್ದರು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ನಾವು ನೀವು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಹಾಗೇ, ಮನೆ ಪಾಯ ತೋಡುವಾಗ ನೆಲದಲ್ಲಿ ಸಿಕ್ಕ ನಾಣ್ಯ ಪಿತ್ರಾರ್ಜಿತವಲ್ಲ. ಅದು ನಿಧಿ, ಸರ್ಕಾರಕ್ಕೆ ತಿಳಿಸಬೇಕು.

ಲೆಕ್ಕ ಹೀಗಿದೆ. ಅರ್ಧ ಬೆಳ್ಳಿಯ 9 ರೂಪಾಯಿಗೆ 4,950. ಮಾಮೂಲಿ 12ಕ್ಕೆ 13,800. ಹುಬ್ಬು ಉಳಿದಿದ್ದ 5ಕ್ಕೆ 9,000. ಟೂತ್‌ಪೇಸ್ಟ್ ತಿಂದ 1911ಕ್ಕೆ 2,500. ಎಂಟಾಣೆ, ಪಾವಲಿಗೆ 6,000. ಬ್ರಿಟಿಷ್ ಚಿಲ್ಲರೆ 131ಕ್ಕೆ 4,000. ಸ್ವತಂತ್ರ ಭಾರತದ 402ಕ್ಕೆ 1,600, ಒಂದಕ್ಕೆ ಹೆಚ್ಚುಕಡಿಮೆ ನಾಲ್ಕು ರೂಪಾಯಿ. ಒಟ್ಟು 41,850. ಮೂರು ಪಾಲು ಮಾಡಿದರೆ ತಲಾ 13,950.

ಹತ್ತು ಲಕ್ಷ ಅಲ್ಲ. ಚಿಕ್ಕಪ್ಪ ಕಳೆದುಕೊಂಡದ್ದೇ ಅವರ ಪಾಲಿಗಿಂತ ಹೆಚ್ಚು. ಅದನ್ನು ಹೇಳಿ ಅವರೇ ಮೊದಲು ನಕ್ಕರು. ಆಮೇಲೆ ನಾವೂ ನಕ್ಕೆವು.

ಮೈಸೂರಿನ ಕಾಸು ಮಾರಲಿಲ್ಲ. ಒಂಬತ್ತಿದ್ದವಲ್ಲ, ತಲಾ ಮೂರು. ಪರದೇಶದ ಹನ್ನೆರಡು ಚಿಕ್ಕಪ್ಪನ ಮೊಮ್ಮಗನಿಗೆ. ರಾಮನ ಬಿಲ್ಲೆಗಳು ದೇವರ ಮನೆಗೆ ವಾಪಸ್. ಅತ್ತೆಗೆ ತನ್ನ ಮೂರನೇ ಒಂದು ಪಾಲು, ಅದರ ಮೇಲೆ ಆ ಹನ್ನೊಂದು. ಅದನ್ನು ಪಾಲಿನಲ್ಲಿ ಹಿಡಿಯಬಾರದು ಅಂದವರು ಅಪ್ಪ.

ನಾನು ಹೊರಡುವ ದಿನ ಅಪ್ಪ ಬಸ್‌ಸ್ಟ್ಯಾಂಡ್ ತನಕ ಬಂದರು. ದಾರಿಯಲ್ಲಿ, "ಮನೆ ವಿಷಯ ಇನ್ನೊಂದು ಸಲ ಕೂತು ಮಾತಾಡಬೇಕು ಕಣೇ" ಅಂದರು. ಚಿಕ್ಕಪ್ಪನಿಗೆ ಹೇಳಿದ್ದೀರಾ ಅಂತ ಕೇಳಿದೆ. ಇನ್ನೂ ಇಲ್ಲ ಅಂದರು.

ಮುಂದಿನ ತಿಂಗಳು ತಾತನ ತಿಥಿ. ಎಲ್ಲರೂ ಸೇರುತ್ತೇವೆ. ಅತ್ತೆಯೂ ಬರುತ್ತಾರೆ.